ಶ್ವೇತಭವನದ ಮುಚ್ಚಿದ ಬಾಗಿಲು

ಮೇಲಿನ ತರಗತಿಯ ಮಕ್ಕಳಿಗೆ ಮೊದಲನೆಯ ಮಹಾಯುದ್ಧದ ಪಾಠವನ್ನು ಹೇಳುವಾಗ ನಾವು ಪ್ರತಿ ವರ್ಷವೂ ಒಂದು ಮಾತನ್ನು ಹೇಳಿ ಮುಂದೆ ಸಾಗುತ್ತೇವೆ: ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ನರ ಪ್ರಯತ್ನದಿಂದ ರಾಷ್ಟ್ರಸಂಘವು ಸ್ಥಾಪಿತವಾಯಿತು, ಆದರೆ ಅಮೆರಿಕವು ಅದನ್ನು ಸೇರಲಿಲ್ಲ. ಈ ಸಲ ಒಬ್ಬ ಹುಡುಗ ಎದ್ದು ನಿಂತು, “ಮಾಷ್ಟ್ರೇ, ಮನೆ ಕಟ್ಟಿಸಿದವನೇ ಒಕ್ಕಲಿಗೆ ಬಾರದೆ ಹೋದದ್ದು ಯಾಕೆ?” ಎಂದು ಕೇಳಿದ. ಅಲ್ಲಿಯ ಸೆನೆಟ್ ಸಭೆ ಒಪ್ಪಲಿಲ್ಲ ಎಂದು ಹೇಳಿ ಅವನನ್ನು ಕುಳ್ಳಿರಿಸಿದೆವು. ನಾವು ಹೇಳಿದ್ದು ಸುಳ್ಳಲ್ಲ; ಆದರೆ ಅರ್ಧ ಮಾತ್ರ. ಉಳಿದರ್ಧವು ಒಬ್ಬ ರೋಗಿಯ ಕೋಣೆಯಲ್ಲಿ, ಆ ಕೋಣೆಯ ಬಾಗಿಲನ್ನು ಕಾಯುತ್ತಿದ್ದ ಹೆಂಡತಿಯ ಕೈಯಲ್ಲಿ ಇತ್ತು. ಅದನ್ನು ನಮ್ಮ ಸಂಘದ ಪತ್ರಿಕೆಯ ವಾಚಕರ ಮುಂದೆ, ವಿಶೇಷವಾಗಿ ನಮ್ಮ ವೃತ್ತಿಬಾಂಧವರ ಮುಂದೆ, ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ದೊರೆಯು ಮಾತಾಡಲಾರದೆ ಮಲಗಿದಾಗ ಅವನ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆ ನಮಗೇನೂ ಹೊಸದಲ್ಲ. ರಾಮಾಯಣವನ್ನು ಬಲ್ಲವರಿಗೆ ಅಯೋಧ್ಯೆಯ ಅಂತಃಪುರದ ಆ ಬೆಳಗು ನೆನಪಿರುತ್ತದೆ. ದಶರಥನು ದುಃಖದಿಂದ ಜರ್ಜರಿತನಾಗಿ ಬಿದ್ದಿದ್ದಾನೆ. ಶ್ರೀರಾಮನನ್ನು ಕರೆದು ತಾ ಎಂದು ಸುಮಂತ್ರನಿಗೆ ಆಜ್ಞಾಪಿಸುವವಳು ಕೈಕೇಯಿ. ಮುದಿ ಮಂತ್ರಿಯು ಒಂದು ಕ್ಷಣ ತಡೆಯುತ್ತಾನೆ. ದೊರೆಯ ಅಪ್ಪಣೆಯನ್ನು ತನ್ನ ಕಿವಿಯಿಂದ ಕೇಳದೆ ಹೊರಡಲು ಅವನು ಹಿಂಜರಿಯುತ್ತಾನೆ. ಕೈಕೇಯಿಯಾದರೋ ಹಿಂದೊಮ್ಮೆ ರಣರಂಗದಲ್ಲಿ ಮೂರ್ಛೆಹೋದ ಪತಿಯನ್ನು ಬದುಕಿಸಿದವಳು. ಆದರೂ ಸುಮಂತ್ರನು ತಡೆದುದು ಸರಿಯೇ. ಈಗ ನಾವು ಹೇಳಹೊರಟಿರುವ ಎಡಿತ್ ವಿಲ್ಸನ್ನರನ್ನು ಕೈಕೇಯಿಗೆ ಹೋಲಿಸುವುದು ನ್ಯಾಯವಾಗದು. ಆಕೆ ಯಾವ ಮಗನಿಗೂ ಪಟ್ಟವನ್ನು ಬೇಡಲಿಲ್ಲ. ಬೇಡಿದ್ದು ಗಂಡನ ಪ್ರಾಣವನ್ನು ಮಾತ್ರ. ಸುಮಂತ್ರನ ಆ ಒಂದು ಸಂಶಯವನ್ನಷ್ಟೇ ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ವುಡ್ರೋ ವಿಲ್ಸನ್ನರು ಹುಟ್ಟಿದ್ದು ೧೮೫೬ನೆಯ ಡಿಸೆಂಬರ್ ೨೮ರಂದು, ವರ್ಜೀನಿಯ ಪ್ರಾಂತದಲ್ಲಿ. ಅವರು ಮೊದಲು ನಮ್ಮಂತೆಯೇ ಪಾಠ ಹೇಳಿದವರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಬಳಿಕ ಅದರ ಅಧ್ಯಕ್ಷರೂ ಆದವರು. ೧೯೧೩ರಲ್ಲಿ ದೇಶದ ಅಧ್ಯಕ್ಷಪದವಿಯನ್ನು ವಹಿಸಿಕೊಂಡರು. ೧೯೧೪ನೆಯ ಆಗಸ್ಟಿನಲ್ಲಿ, ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡ ದಿನಗಳಲ್ಲಿಯೇ, ಅವರ ಮೊದಲನೆಯ ಪತ್ನಿ ಎಲೆನ್ ತೀರಿಕೊಂಡರು. ಮರುವರ್ಷ ಡಿಸೆಂಬರ್ ೧೮ರಂದು ಅವರು ಎಡಿತ್ ಬೋಲಿಂಗ್ ಗಾಲ್ಟ್ ಎಂಬ ವಿಧವೆಯನ್ನು ವರಿಸಿದರು. ೧೮೭೨ರಲ್ಲಿ ಹುಟ್ಟಿದ ಎಡಿತ್ ಕೂಡ ವರ್ಜೀನಿಯದವರೇ. ತಂದೆ ನ್ಯಾಯಾಧೀಶ, ಮನೆ ತುಂಬ ಮಕ್ಕಳು. ಆಕೆಗೆ ದೊರೆತ ಶಾಲಾಶಿಕ್ಷಣ ಎರಡು ವರ್ಷಗಳಷ್ಟು ಮಾತ್ರ. ಮೊದಲ ಗಂಡ ವಾಷಿಂಗ್ಟನ್ ನಗರದ ಚಿನ್ನಬೆಳ್ಳಿಯ ವ್ಯಾಪಾರಿ. ೧೯೦೮ರಲ್ಲಿ ಆತ ತೀರಿಹೋದ ಮೇಲೆ ಅಂಗಡಿಯು ಮುಳುಗದಂತೆ ಉಳಿಸಿಕೊಂಡವರು ಎಡಿತ್. ಓದು ಅಲ್ಪ, ಲೋಕಾನುಭವ ಹೆಚ್ಚು, ಧೈರ್ಯ ಅದಕ್ಕಿಂತಲೂ ಹೆಚ್ಚು ಎಂದು ಆಕೆಯ ಸ್ವಭಾವವನ್ನು ಹೇಳಬಹುದು.

ವಿಲ್ಸನ್ನರು ಹೆಂಡತಿಯಿಂದ ರಾಜ್ಯದ ವಿಷಯಗಳನ್ನು ಮುಚ್ಚಿಡುತ್ತಿರಲಿಲ್ಲ. ಯುದ್ಧಕಾಲದಲ್ಲಿ ಬರುತ್ತಿದ್ದ ಗುಪ್ತಲಿಪಿಯ ತಂತಿಗಳನ್ನು ಬಿಡಿಸಿ ಓದುವುದನ್ನು ಆಕೆಗೆ ಕಲಿಸಿಕೊಟ್ಟಿದ್ದರು. ಪ್ಯಾರಿಸಿನ ಶಾಂತಿ ಸಮ್ಮೇಳನಕ್ಕೂ ಆಕೆಯನ್ನು ಕರೆದುಕೊಂಡು ಹೋದರು. ೧೯೧೯ನೆಯ ಫೆಬ್ರವರಿ ೧೪ರಂದು ರಾಷ್ಟ್ರಸಂಘದ ನಿಬಂಧನೆಗಳನ್ನು ವಿಲ್ಸನ್ನರು ಸಮ್ಮೇಳನದ ಮುಂದೆ ಓದುವವರಿದ್ದರು. ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಎಡಿತ್ ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೋ ಅವರಿಂದ ಅನುಮತಿ ಪಡೆದು, ವೈದ್ಯ ಗ್ರೇಸನ್ನರೊಡನೆ ಪಕ್ಕದ ಒಂದು ಮೂಲೆಯಲ್ಲಿ ಪರದೆಯ ಹಿಂದೆ ಕುಳಿತು ಗಂಡನ ಭಾಷಣವನ್ನು ಕೇಳಿದರು. ಅಂದು ಪರದೆಯ ಮರೆಯಲ್ಲಿ ಕುಳಿತ ಆ ಇಬ್ಬರೇ ಅದೇ ವರ್ಷ ಒಂದು ದೇಶದ ಅಧ್ಯಕ್ಷನನ್ನೇ ಜನರ ಕಣ್ಣಿನಿಂದ ಮರೆಮಾಡಬೇಕಾಗಿ ಬಂದಿತು.

ಆ ಸಂದರ್ಭ ಬಂದ ಬಗೆ ಹೀಗೆ. ೧೯೧೯ನೆಯ ಜೂನ್ ೨೮ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿಯಾಯಿತು. ರಾಷ್ಟ್ರಸಂಘದ ನಿಬಂಧನೆಗಳು ಆ ಒಪ್ಪಂದದ ಅಂಗವೇ ಆಗಿದ್ದುವು. ಅಮೆರಿಕದ ಸಂವಿಧಾನದಂತೆ ಇಂತಹ ಒಪ್ಪಂದಕ್ಕೆ ಸೆನೆಟ್ ಸಭೆಯ ಮೂರನೆಯ ಎರಡಂಶದಷ್ಟು ಮತ ಬೇಕು. ಅಲ್ಲಿ ಬಹುಮತವಿದ್ದದ್ದು ವಿರೋಧ ಪಕ್ಷವಾದ ರಿಪಬ್ಲಿಕನ್ನರಿಗೆ. ಅವರ ಮುಖಂಡ ಹೆನ್ರಿ ಕ್ಯಾಬಟ್ ಲಾಡ್ಜ್ ಅವರು, ಕೆಲವು ಷರತ್ತುಗಳನ್ನು ಸೇರಿಸದೆ ಒಪ್ಪಲಾಗದೆಂದರು. ರಾಷ್ಟ್ರಸಂಘದ ಮಾತಿಗೆ ಕಟ್ಟುಬಿದ್ದು ಅಮೆರಿಕದ ಸೈನಿಕರು ಪರದೇಶದ ಯುದ್ಧಗಳಿಗೆ ಹೋಗಬೇಕಾದೀತೆಂಬುದು ಅವರ ಮುಖ್ಯವಾದ ಆಕ್ಷೇಪಣೆ. ವಿಲ್ಸನ್ನರು ಷರತ್ತುಗಳಿಗೆ ಒಪ್ಪದೆ ನೇರವಾಗಿ ಜನರ ಬಳಿಗೆ ಹೊರಟರು. ಸೆಪ್ಟೆಂಬರ್ ೩ರಂದು ಹೊರಟ ಅವರ ರೈಲು ಮೂರು ವಾರಗಳಲ್ಲಿ ಸುಮಾರು ೮,೦೦೦ ಮೈಲಿ ಸುತ್ತಿತು. ಧ್ವನಿವರ್ಧಕವು ಇನ್ನೂ ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಸುಮಾರು ೪೦ ಭಾಷಣಗಳನ್ನು ಮಾಡಿದರು. ತಲೆನೋವು ಬಿಡದೆ ಬಾಧಿಸುತ್ತಿತ್ತು. ಸೆಪ್ಟೆಂಬರ್ ೨೫ರಂದು ಕೊಲೊರಾಡೊ ಪ್ರಾಂತದ ಪ್ಯೂಬ್ಲೊ ಊರಿನಲ್ಲಿ ಮಾತಾಡಿದ ಬಳಿಕ ಅವರ ದೇಹ ಸೋತುಹೋಯಿತು. ಪ್ರವಾಸವನ್ನು ನಿಲ್ಲಿಸಿ ರೈಲನ್ನು ರಾಜಧಾನಿಗೆ ತಿರುಗಿಸಿದರು. ಅಕ್ಟೋಬರ್ ೨ರಂದು ಶ್ವೇತಭವನದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ದೇಹದ ಎಡಭಾಗದಲ್ಲಿ ಸ್ವಾಧೀನ ತಪ್ಪಿತು.

ಮುಂದೇನು? ತಾನು ಕೇಳಿದ ಪ್ರಶ್ನೆಯನ್ನೂ ವೈದ್ಯರು ಕೊಟ್ಟ ಉತ್ತರವನ್ನೂ ಎಡಿತ್ ಅವರು ೧೯೩೯ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅಧ್ಯಕ್ಷರು ಪದವಿಯನ್ನು ಬಿಡುವುದು ಒಳ್ಳೆಯದಲ್ಲವೇ ಎಂದು ಆಕೆ ಕೇಳಿದರಂತೆ. ಫಿಲಡೆಲ್ಫಿಯದಿಂದ ಬಂದಿದ್ದ ನರರೋಗ ತಜ್ಞ ಡರ್ಕಮ್ ಅವರು, ರಾಜೀನಾಮೆ ಕೊಟ್ಟರೆ ಬದುಕುವ ಆಸೆಯೇ ರೋಗಿಯಲ್ಲಿ ಕುಂದೀತೆಂದೂ, ಯಾವ ಚಿಂತೆಯನ್ನೂ ಅವರ ಬಳಿಗೆ ಬಿಡದೆ ಆಕೆಯೇ ಮೊದಲು ನೋಡಿ ಆರಿಸಬೇಕೆಂದೂ ಹೇಳಿದರಂತೆ. ವೈದ್ಯರು ಹಾಗೆ ಹೇಳಿರಲಾರರೆಂದು ಶಂಕಿಸುವ ಇತಿಹಾಸಕಾರರಿದ್ದಾರೆ. ಅದು ಹೇಗೇ ಇರಲಿ, ಅಂದಿನಿಂದ ನಡೆದದ್ದು ಮಾತ್ರ ಹಾಗೆಯೇ. ಮಂತ್ರಿಗಳು ಕಳುಹಿಸಿದ ಕಾಗದಗಳೆಲ್ಲ ಎಡಿತ್ ಅವರ ಕೈಗೆ ಬಂದುವು. ಆಕೆ ಓದಿ, ಅಗತ್ಯವೆಂದು ತೋರಿದ್ದನ್ನು ಸಂಗ್ರಹಿಸಿ, ಹೊತ್ತುನೋಡಿ ಗಂಡನಿಗೆ ಹೇಳುತ್ತಿದ್ದರು. ಅಧ್ಯಕ್ಷರು ಹೀಗೆನ್ನುತ್ತಾರೆ ಎಂದು ಆಕೆಯ ಕೈಬರಹದಲ್ಲಿ ಉತ್ತರ ಹೋಗುತ್ತಿತ್ತು. ಕೆಲವು ಕಾಗದಗಳಿಗೆ ಉತ್ತರವೇ ಇರಲಿಲ್ಲ.

ರಾಜ್ಯದ ಯಾವ ತೀರ್ಮಾನವನ್ನೂ ತಾನು ಮಾಡಲಿಲ್ಲ, ಯಾವುದು ಮುಖ್ಯ, ಯಾವುದನ್ನು ಯಾವಾಗ ಪತಿಯ ಮುಂದಿಡಬೇಕು ಎಂಬುದನ್ನಷ್ಟೇ ನಿರ್ಣಯಿಸಿದೆ ಎಂಬುದು ಆಕೆಯ ಸಮಾಧಾನ. ಇದನ್ನು ಆಕೆ ಪ್ರಾಮಾಣಿಕವಾಗಿಯೇ ನಂಬಿದ್ದರೆಂದು ನಾವು ತಿಳಿಯುತ್ತೇವೆ. ಆದರೆ ಆಡಳಿತದ ಒಳಹೊರಗನ್ನು ಸ್ವಲ್ಪವಾದರೂ ಕಂಡವರು ಈ ಮಾತನ್ನು ಒಪ್ಪಲಾರರು. ಮೇಜಿನ ಮೇಲೆ ಯಾವ ಕಾಗದ ಬರಬೇಕು, ಯಾವುದು ಪೆಟ್ಟಿಗೆಯಲ್ಲಿ ಉಳಿಯಬೇಕು ಎಂದು ನಿರ್ಣಯಿಸುವವನೇ ಅರ್ಧ ಅಧಿಕಾರಿ. ನಮ್ಮ ಶಾಲೆಗೆ ಕನ್ನಡದ ಪಠ್ಯಪುಸ್ತಕಗಳು ಬಾರದೆ ಬರೆದುಕೊಂಡ ಅರ್ಜಿಯೊಂದು, ಕಚೇರಿಯೊಂದರಲ್ಲಿ ಯಾರ ನಿರಾಕರಣೆಯೂ ಇಲ್ಲದೆ ಒಂದು ಪರೀಕ್ಷೆಯ ಅವಧಿ ಮುಗಿಯುವ ತನಕ ಕಟ್ಟಿನಲ್ಲಿ ಮಲಗಿದ್ದುಂಟು. ಅದನ್ನು ಯಾರೂ ತಿರಸ್ಕರಿಸಲಿಲ್ಲ. ಮೇಲಕ್ಕೆ ಒಯ್ಯಲಿಲ್ಲ, ಅಷ್ಟೇ. ಮಕ್ಕಳ ಪಾಲಿಗೆ ಎರಡೂ ಒಂದೇ.

ಇಷ್ಟೆಲ್ಲ ನಡೆಯುವಾಗ ದೇಶವು ಶಾಂತವಾಗಿರಲಿಲ್ಲ. ಉಕ್ಕಿನ ಕಾರ್ಖಾನೆಗಳ ಮುಷ್ಕರ ಸೆಪ್ಟೆಂಬರಿನಲ್ಲಿಯೇ ಆರಂಭವಾಗಿತ್ತು. ನವೆಂಬರ್ ೧ರಂದು ಕಲ್ಲಿದ್ದಲ ಗಣಿಗಳ ಕಾರ್ಮಿಕರೂ ಕೆಲಸ ಬಿಟ್ಟರು. ಜನರಿಗೆ ತಿಳಿಸಿದ್ದು ಅಧ್ಯಕ್ಷರಿಗೆ ನರಗಳ ದಣಿವು, ವಿಶ್ರಾಂತಿ ಬೇಕು ಎಂಬಷ್ಟು ಮಾತ್ರ. ನಿಜವಾದ ರೋಗವು ಪತ್ರಿಕೆಗಳಲ್ಲಿ ಬಹಿರಂಗವಾದದ್ದು ೧೯೨೦ನೆಯ ಫೆಬ್ರವರಿಯಲ್ಲಿ, ಚಿಕಿತ್ಸೆಗೆ ಬಂದಿದ್ದ ಇನ್ನೊಬ್ಬ ವೈದ್ಯರ ಬಾಯಿಂದ. ಬೆಲ್ಜಿಯಮ್ಮಿನ ದೊರೆಯೂ ರಾಣಿಯೂ ಅಕ್ಟೋಬರಿನ ಕೊನೆಯಲ್ಲಿ ರೋಗಿಯ ಹಾಸಿಗೆಯ ಬಳಿಗೆ ಹೋಗಿ ಮಾತಾಡಿಸಿಕೊಂಡು ಬಂದರು. ಆದರೆ ಮಂತ್ರಿಮಂಡಲಕ್ಕೆ ಅಧ್ಯಕ್ಷರೊಡನೆ ಕೂಡಿ ಸಭೆ ನಡೆಸುವ ಅವಕಾಶ ಸಿಕ್ಕಿದ್ದು ಆರು ತಿಂಗಳಾದ ಮೇಲೆ, ೧೯೨೦ನೆಯ ಏಪ್ರಿಲ್ ೧೩ರಂದು. ಬ್ರಿಟನ್ನಿನಿಂದ ವಿಶೇಷ ರಾಯಭಾರಿಯಾಗಿ ಬಂದ ಲಾರ್ಡ್ ಗ್ರೇ ಅವರು ಒಪ್ಪಂದದ ವಿಷಯವನ್ನು ಮಾತಾಡಲು ತಿಂಗಳುಗಟ್ಟಲೆ ಕಾದು, ಅಧ್ಯಕ್ಷರ ಮುಖವನ್ನು ಕಾಣದೆಯೇ ಜನವರಿಯಲ್ಲಿ ಹಿಂತಿರುಗಿದರು.

ಹಾಗಾದರೆ ಸುಮಂತ್ರನ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲವೇ? ಒಬ್ಬರು ಕೇಳಿದರು. ವಿದೇಶಾಂಗ ಕಾರ್ಯದರ್ಶಿ ರಾಬರ್ಟ್ ಲ್ಯಾನ್ಸಿಂಗ್ ಅವರು ಅಕ್ಟೋಬರ್ ೬ರಂದು ಮಂತ್ರಿಮಂಡಲವನ್ನು ಕೂಡಿಸಿ, ಅಧ್ಯಕ್ಷರು ಅಸಮರ್ಥರಾದರೆ ಉಪಾಧ್ಯಕ್ಷರು ಅಧಿಕಾರ ವಹಿಸಬೇಕಲ್ಲವೇ ಎಂಬ ವಿಚಾರವನ್ನು ಎತ್ತಿದರು. ಅಸಮರ್ಥರೆಂದು ಬರೆದುಕೊಡಲು ವೈದ್ಯ ಗ್ರೇಸನ್ನರೂ ಒಪ್ಪಲಿಲ್ಲ, ಅಧ್ಯಕ್ಷರ ಆಪ್ತ ಕಾರ್ಯದರ್ಶಿ ಟುಮಲ್ಟಿಯವರೂ ಒಪ್ಪಲಿಲ್ಲ. ಇಬ್ಬರೂ ಸ್ವಾಮಿನಿಷ್ಠರು. ಮುಂದೆ ಫೆಬ್ರವರಿಯಲ್ಲಿ, ತಮ್ಮ ಅಪ್ಪಣೆಯಿಲ್ಲದೆ ಮಂತ್ರಿಮಂಡಲವನ್ನು ಕೂಡಿಸಿದ ತಪ್ಪಿಗೆಂದು ವಿಲ್ಸನ್ನರು ಲ್ಯಾನ್ಸಿಂಗರಿಂದ ರಾಜೀನಾಮೆಯನ್ನು ಪಡೆದರು. ಕೇಳಿದವನಿಗೆ ದೊರೆತ ಫಲ ಅದು. ಉಪಾಧ್ಯಕ್ಷ ತಾಮಸ್ ಮಾರ್ಷಲ್ ಅವರಿಗಂತೂ ರೋಗದ ಗಂಭೀರತೆಯ ಸುದ್ದಿ ಅಧಿಕೃತವಾಗಿ ತಲುಪಲೇ ಇಲ್ಲ. ಪತ್ರಿಕೆಯವರೊಬ್ಬರ ಮೂಲಕ ಗುಟ್ಟಾಗಿ ತಲುಪಿತು. ಬದುಕಿರುವ ಅಧ್ಯಕ್ಷನ ಪೀಠವನ್ನು ಕಸಿದುಕೊಂಡನೆಂಬ ಅಪವಾದಕ್ಕೆ ಅಂಜಿ ಅವರು ಸುಮ್ಮನಾದರು.

ಇವರೆಲ್ಲರ ಕೈ ಕಟ್ಟಿದ್ದು ಸಂವಿಧಾನದ ಒಂದು ಲೋಪ. ಅಧ್ಯಕ್ಷನು ಅಧಿಕಾರ ನಡೆಸಲು ಅಸಮರ್ಥನಾದರೆ ಆ ಅಧಿಕಾರ ಉಪಾಧ್ಯಕ್ಷನಿಗೆ ಹೋಗಬೇಕೆಂದು ಅದರಲ್ಲಿ ಬರೆದಿತ್ತು. ಅಸಮರ್ಥನೆಂದು ನಿರ್ಧರಿಸುವವರು ಯಾರು, ಹೇಗೆ, ಗುಣವಾದ ಮೇಲೆ ಅಧಿಕಾರ ಹಿಂತಿರುಗುವುದೋ ಇಲ್ಲವೋ ಎಂಬುದನ್ನು ಬರೆದಿರಲಿಲ್ಲ. ೧೮೮೧ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಅವರು ಗುಂಡೇಟು ತಿಂದು ಹನ್ನೊಂದು ವಾರಗಳಿಗೂ ಮಿಕ್ಕಿ ಮರಣಶಯ್ಯೆಯಲ್ಲಿದ್ದಾಗಲೇ ಈ ಲೋಪ ಎದ್ದು ಕಂಡಿತ್ತು. ಕಂಡೂ ಮೂವತ್ತೆಂಟು ವರ್ಷ ಹಾಗೆಯೇ ಬಿಟ್ಟಿದ್ದರು.

ಡಿಸೆಂಬರ್ ೫ರಂದು ಸೆನೆಟ್ ಸಭೆಯ ಇಬ್ಬರು ಸದಸ್ಯರು, ಮೆಕ್ಸಿಕೊ ದೇಶದ ವಿಷಯವನ್ನು ನೆವಮಾಡಿಕೊಂಡು, ಅಧ್ಯಕ್ಷರ ಸ್ಥಿತಿಯನ್ನು ಕಣ್ಣಾರೆ ಕಾಣಲು ಬಂದರು. ಒಬ್ಬರು ವಿರೋಧ ಪಕ್ಷದ ಫಾಲ್, ಇನ್ನೊಬ್ಬರು ವಿಲ್ಸನ್ನರ ಪಕ್ಷದ ಹಿಚ್‌ಕಾಕ್. ರೋಗಿಯ ಎಡಗೈ ಹೊದಿಕೆಯ ಅಡಿಯಲ್ಲಿತ್ತು. ಬೇಕಾದ ಕಾಗದ ಬಲಗೈಗೆ ಎಟಕುವಂತಿತ್ತು. ಎಡಿತ್ ಕಾಗದ ಲೇಖನಿಗಳನ್ನು ಹಿಡಿದು ಆಡಿದ ಮಾತುಗಳನ್ನೆಲ್ಲ ಬರೆದುಕೊಳ್ಳುತ್ತಿದ್ದರು. ವಿಲ್ಸನ್ನರು ಅಂದು ಚೆನ್ನಾಗಿಯೇ ಮಾತಾಡಿದರು. ಅವರ ಬುದ್ಧಿ ಸ್ಥಿಮಿತದಲ್ಲಿದೆಯೆಂದು ಬಂದವರು ಹೊರಗೆ ಹೇಳಿದರು. ಸಂಶಯ ಸದ್ಯಕ್ಕೆ ಅಡಗಿತು.

ಆದರೆ ಅಷ್ಟರಲ್ಲಿ ಒಪ್ಪಂದದ ಮೇಲೆ ಮೊದಲ ಪೆಟ್ಟು ಬಿದ್ದಾಗಿತ್ತು. ಲಾಡ್ಜ್ ಅವರ ಷರತ್ತುಗಳೊಡನೆ ಒಪ್ಪಂದವನ್ನು ಅಂಗೀಕರಿಸಿದರೆ ಸಾಕು, ರಾಷ್ಟ್ರಸಂಘವಂತೂ ಉಳಿಯುತ್ತದೆ ಎಂದು ವಿಲ್ಸನ್ನರ ಮಿತ್ರರೇ ಬಯಸಿದರು. ಬಹುಕಾಲ ಅವರ ಬಲಗೈಯಂತಿದ್ದ ಕರ್ನಲ್ ಹೌಸ್ ಅವರು ರಾಜಿಯನ್ನು ಸೂಚಿಸಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಇಲ್ಲಿ ಎಡಿತ್ ಅವರಿಗೆ ನ್ಯಾಯ ಸಲ್ಲಿಸಬೇಕು: ಷರತ್ತುಗಳನ್ನು ಒಪ್ಪಿ ಈ ಕಷ್ಟವನ್ನು ಮುಗಿಸಬಾರದೇ ಎಂದು ಆಕೆಯೇ ಒಮ್ಮೆ ಗಂಡನನ್ನು ಬೇಡಿಕೊಂಡದ್ದುಂಟು. ನೀನೂ ನನ್ನ ಕೈ ಬಿಡುತ್ತೀಯಾ ಎಂಬರ್ಥದ ಮಾತು ಹಾಸಿಗೆಯಿಂದ ಬಂದಿತು. ಆ ಮೇಲೆ ಆಕೆ ಆ ಮಾತನ್ನು ಎತ್ತಲಿಲ್ಲ. ನವೆಂಬರ್ ೧೯ರಂದು ಷರತ್ತುಗಳೊಡನೆ ಕೂಡಿದ ಒಪ್ಪಂದಕ್ಕೆ ೩೯ ಮತ ಪರವಾಗಿ, ೫೫ ವಿರೋಧವಾಗಿ ಬಿದ್ದುವು. ವಿರೋಧಿಸಿದವರಲ್ಲಿ ಹಲವರು ವಿಲ್ಸನ್ನರ ಸೂಚನೆಗೆ ತಲೆಬಾಗಿದ ಅವರ ಪಕ್ಷದವರೇ. ೧೯೨೦ನೆಯ ಮಾರ್ಚ್ ೧೯ರಂದು ಮತ್ತೊಮ್ಮೆ ಮತಕ್ಕೆ ಹಾಕಿದಾಗ ೪೯ ಪರ, ೩೫ ವಿರೋಧ. ಮೂರನೆಯ ಎರಡಂಶಕ್ಕೆ ಏಳು ಮತಗಳ ಕೊರತೆ. ಆ ವರ್ಷದ ನವೆಂಬರಿನಲ್ಲಿ ಜಿನೀವಾದಲ್ಲಿ ರಾಷ್ಟ್ರಸಂಘದ ಮಹಾಸಭೆ ಮೊದಲ ಬಾರಿ ಸೇರಿದಾಗ ಅಮೆರಿಕವು ಅಲ್ಲಿರಲಿಲ್ಲ. ಶಾಂತಿಗಾಗಿ ಕೊಡುವ ನೊಬೆಲ್ ಬಹುಮಾನವು ಅದೇ ವರ್ಷದ ಡಿಸೆಂಬರಿನಲ್ಲಿ ವಿಲ್ಸನ್ನರಿಗೆ ಸಂದಿತು.

ಬಾಗಿಲು ತೆರೆದಿದ್ದರೆ ಆ ಏಳು ಮತಗಳು ದೊರೆಯುತ್ತಿದ್ದುವೇ? ವಿಲ್ಸನ್ನರು ಆರೋಗ್ಯವಂತರಾಗಿದ್ದಾಗಲೂ ಹಟಮಾರಿಗಳೇ ಎನ್ನುವವರಿದ್ದಾರೆ; ರೋಗವೇ ಅವರನ್ನು ಬಾಗದಂತೆ ಮಾಡಿತೆನ್ನುವವರೂ ಇದ್ದಾರೆ. ನಾವು ಹೇಳಬಯಸುವುದು ಇಷ್ಟು. ಒಬ್ಬ ಮನುಷ್ಯನ ಮನಸ್ಸು ಬದಲಾಗಬೇಕಾದರೆ ನಾಲ್ಕು ಜನ ಎದುರು ನಿಂತು ವಾದಿಸಬೇಕು, ಹೊರಗಿನ ಗಾಳಿ ಒಳಗೆ ಬರಬೇಕು. ರೋಗಿಯ ಕೋಣೆಗೆ ಬೇಕಾದದ್ದು ಅದಕ್ಕೆ ಪ್ರತಿಯಾದ ಮೌನ, ಸಮಾಧಾನ. ಪತಿಗೆ ನೋವಾಗುವ ಸುದ್ದಿಯನ್ನು ತಡೆದು ನಿಲ್ಲಿಸುವುದು ಹೆಂಡತಿಯ ಧರ್ಮವಿರಬಹುದು. ರಾಷ್ಟ್ರಾಧ್ಯಕ್ಷನಿಗೆ ನೋವಾಗುವ ಸುದ್ದಿಯನ್ನು ಮೊದಲು ಮುಟ್ಟಿಸುವುದು ಕಾರ್ಯದರ್ಶಿಯ ಧರ್ಮ. ಈ ಎರಡು ಧರ್ಮಗಳನ್ನು ಒಬ್ಬಾಕೆಯ ತಲೆಯ ಮೇಲೆ ಹೊರಿಸಿದರು. ಆಕೆ ತನಗೆ ಹತ್ತಿರವಾದುದನ್ನು ಆರಿಸಿಕೊಂಡರು. ಅದಕ್ಕಾಗಿ ಆಕೆಯನ್ನು ಹೀಗಳೆಯುವುದು ಸುಲಭ. ಆಕೆಯ ಸ್ಥಾನದಲ್ಲಿ ನಿಂತು ಬೇರೆ ಮಾಡುತ್ತಿದ್ದೆವೆಂದು ಎದೆ ಮುಟ್ಟಿ ಹೇಳುವುದು ಕಷ್ಟ. ತಪ್ಪಿನ ಹೆಚ್ಚು ಪಾಲು, ಬಾಗಿಲ ಹೊರಗೆ ನಿಂತು ತಟ್ಟದೆ ಹಿಂತಿರುಗಿದ ಗಂಡಸರದು.

ವಿಲ್ಸನ್ನರು ೧೯೨೧ನೆಯ ಮಾರ್ಚ್ ೪ರಂದು ಅವಧಿ ಮುಗಿಸಿ ಕೋಲೂರಿಕೊಂಡು ಹೊರಬಂದರು. ೧೯೨೪ನೆಯ ಫೆಬ್ರವರಿ ೩ರಂದು ತೀರಿಕೊಂಡರು. ಎಡಿತ್ ಮತ್ತೆ ಮೂವತ್ತೇಳು ವರ್ಷ ಬದುಕಿ, ಗಂಡನ ಹೆಸರನ್ನು ಕಾಯುತ್ತ, ೧೯೬೧ನೆಯ ಡಿಸೆಂಬರ್ ೨೮ರಂದು, ಅಂದರೆ ಗಂಡನ ಜನ್ಮದಿನದಂದೇ, ಕಣ್ಣು ಮುಚ್ಚಿದರು. ಆಗಲೂ ಸಂವಿಧಾನದ ಲೋಪ ಹಾಗೆಯೇ ಇತ್ತು. ೧೯೬೩ರಲ್ಲಿ ಅಧ್ಯಕ್ಷ ಕೆನೆಡಿಯವರ ಕೊಲೆಯಾದ ಬಳಿಕವೇ ಶಾಸನಸಭೆ ಎಚ್ಚೆತ್ತಿತು. ೧೯೬೭ನೆಯ ಫೆಬ್ರವರಿ ೧೦ರಂದು ಇಪ್ಪತ್ತೈದನೆಯ ತಿದ್ದುಪಡಿ ಸ್ಥಿರಪಟ್ಟಿತು. ಅದರಂತೆ, ಅಧ್ಯಕ್ಷನು ತಾನೇ ಬರೆದುಕೊಟ್ಟು ಅಧಿಕಾರವನ್ನು ತಾತ್ಕಾಲಿಕವಾಗಿ ಉಪಾಧ್ಯಕ್ಷನಿಗೆ ಒಪ್ಪಿಸಬಹುದು. ಅವನು ಬರೆದುಕೊಡದಿದ್ದಲ್ಲಿ ಉಪಾಧ್ಯಕ್ಷನೂ ಮಂತ್ರಿಮಂಡಲದ ಬಹುಮತವೂ ಕೂಡಿ ಅಸಾಮರ್ಥ್ಯವನ್ನು ಬರೆದು ತಿಳಿಸಬಹುದು. ವಿವಾದವೆದ್ದರೆ ಶಾಸನಸಭೆಯ ಎರಡೂ ಮನೆಗಳು ತೀರ್ಮಾನಿಸುತ್ತವೆ. ಅದರಲ್ಲಿ ಎಲ್ಲಿಯೂ ಪತ್ನಿಯ ಹೆಸರಿಲ್ಲ. ಅದು ಆಕೆಗೆ ಮಾಡಿದ ಉಪಕಾರವೇ ಸರಿ.

ನಮ್ಮ ದೇಶದ ಸಂವಿಧಾನವನ್ನು ಬರೆದವರು ಈ ವಿಷಯಕ್ಕೆ ೬೫ನೆಯ ವಿಧಿಯಲ್ಲಿ ಎಡೆಮಾಡಿದ್ದಾರೆ. ರಾಷ್ಟ್ರಪತಿಯು ಅನಾರೋಗ್ಯದಿಂದ ಕರ್ತವ್ಯ ನಡೆಸಲಾರದೆ ಹೋದರೆ, ಅವರು ಮರಳಿ ಬರುವ ತನಕ ಉಪರಾಷ್ಟ್ರಪತಿಯು ಆ ಕೆಲಸವನ್ನು ನಡೆಸಬೇಕೆಂದು ಅಲ್ಲಿದೆ. ಎಡಿತ್ ತೀರಿಕೊಂಡ ೧೯೬೧ರಲ್ಲಿಯೇ ರಾಜೇಂದ್ರಪ್ರಸಾದರು ಕಾಯಿಲೆಬಿದ್ದಾಗ, ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅವರು ಹಾಗೆಯೇ ಕೆಲಸ ನಡೆಸಿದರು. ಗದ್ದಲವಿಲ್ಲದೆ ನಡೆದುಹೋದ ಕಾರ್ಯವಾದುದರಿಂದ ಅದು ಹೆಚ್ಚಿನವರ ನೆನಪಿನಲ್ಲಿಯೂ ಇಲ್ಲ.

ವೃತ್ತಿಬಾಂಧವರೇ, ನಮ್ಮ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು ನಾಲ್ಕು ದಿನ ರಜೆಯ ಮೇಲೆ ಹೋದರೂ ಚಾರ್ಜು ಯಾರಿಗೆಂದು ಬರೆದಿಡುತ್ತೇವೆ. ಕಪಾಟಿನ ಬೀಗದ ಕೈ, ಹಾಜರಿ ಪುಸ್ತಕ, ಊಟದ ಅಕ್ಕಿಯ ಲೆಕ್ಕ, ಎಲ್ಲಕ್ಕೂ ಕೊಟ್ಟವರ ಸಹಿ, ಪಡೆದವರ ಸಹಿ. ಇದೇನು ಕಾಟ ಎಂದು ನಾವೇ ಗೊಣಗಿದ್ದುಂಟು. ಮುಖ್ಯೋಪಾಧ್ಯಾಯರ ಮೇಲೆ ನಂಬಿಕೆಯಿಲ್ಲವೆಂದು ಅದರ ಅರ್ಥವಲ್ಲ. ಅವರು ಮಲಗಿದಾಗ ಅವರ ಮನೆಯವರನ್ನು ಶಾಲೆಯ ಚಿಂತೆಗೆ ಎಳೆಯಬಾರದೆಂಬುದೇ ಅದರ ಅರ್ಥ. ಅಷ್ಟು ದೊಡ್ಡ ರಾಜ್ಯವು ೧೯೧೯ರಲ್ಲಿ ಬರೆಯದೆ ಬಿಟ್ಟದ್ದು ಇಂತಹ ಒಂದು ಚಾರ್ಜು ಪಟ್ಟಿಯನ್ನು.

ಮರುದಿನ ತರಗತಿಗೆ ಹೋಗಿ ಆ ಹುಡುಗನಿಗೆ ಉಳಿದರ್ಧವನ್ನು ಹೇಳಿದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಆ ಅಮ್ಮನ ತಪ್ಪಲ್ಲ ಅಲ್ಲವೇ ಮಾಷ್ಟ್ರೇ?” ಎಂದ. ತಪ್ಪಿದೆ, ಆದರೆ ಅವರೊಬ್ಬರದಲ್ಲ ಎಂದು ಉತ್ತರ ಕೊಟ್ಟೆವು. ಅಪ್ಪಣೆ ಯಾರದೆಂದು ಕೇಳಬೇಕಾದವರು ಕೇಳಲಿಲ್ಲ; ಕೇಳಿದವನನ್ನು ಉಳಿಸಿಕೊಳ್ಳಲಿಲ್ಲ. ಪಾಠವನ್ನು ಮುಂದಕ್ಕೆ ಒಯ್ಯುವ ಮೊದಲು ಈ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆಸಿದೆವು.